ಉಸಿರೆಳೆದು ಹೇಳುವ ಹೌದು

ದುಭಾಷಿ ಕೆಲಸದಲ್ಲಿ ಹಲ್ಲು ಕಚ್ಚಿ ನಗು ತಡೆಯುವ ಗಳಿಗೆಗಳು ಬರುತ್ತಲೇ ಇರುತ್ತವೆ. ಹೊಸದುರ್ಗದ ಗುಡ್ಡದಲ್ಲಿ ಗಾಳಿಯಂತ್ರ ನಿಲ್ಲಿಸಲು ಬಂದ ಇಬ್ಬರಂತೂ ನನ್ನ ಹಲ್ಲನ್ನೇ ಸವೆಸಿಬಿಟ್ಟರು! ಒಬ್ಬರು ನಾರ್ವೆಯ ಸಾಹೇಬರು, ಇನ್ನೊಬ್ಬರು ಸ್ಕಾಟ್ಲೆಂಡಿನ ಗೇಲಿಕ್ ಮಾತಾಡುವ ದ್ವೀಪದ ಮೇಡಂ. ‘ಹೌದು’ ಅನ್ನಲು ಅವರು ‘ಯಾ’ ಅನ್ನುತ್ತಾರೆ, ಇವರು ‘ಆಯ್’. ಇಬ್ಬರೂ ಅದನ್ನು ಹೇಳುವುದು ಉಸಿರನ್ನು ಒಳಕ್ಕೆಳೆದುಕೊಂಡು! ಅವರ ಸೀಮೆಗಳಲ್ಲಿ ಅದೇ ರೂಢಿಯಂತೆ. ನಮ್ಮ ಕಿವಿಗೆ ಮಾತ್ರ ಹಾವು ಕಂಡು ಬೆಚ್ಚಿದ ಹಾಗೆ, ‘ಹ್ಹಾ!’

ಮಜ್ಜಿಗೆ

ಖಾನಾವಳಿಯಲ್ಲಿ ಮುದ್ದೆ ಮುಂದೆ ಕೂತ ಸಾಹೇಬರನ್ನು ಯಜಮಾನಿ ಅಕ್ಕ ಸೌಟು ತೋರಿಸಿ ಕೇಳಿದಳು: “ಇನ್ನಷ್ಟು ಸಾರು ಹಾಕ್ಲೇನ್ರಿ?”

“ಹ್ಹಾ!”

“ಅಯ್ಯೋ, ಖಾರ ಹತ್ತೈತೆ!” ಅಂತ ಓಡಿಹೋಗಿ ಮಜ್ಜಿಗೆ ತಂದಳು. “ಇನ್ನೊಂದು ಲೋಟ?”

“ಹ್ಹಾ!”

ನಾನು ಕೈ ತೊಳೆದು ಬರುವಷ್ಟರಲ್ಲಿ ನಾಲ್ಕನೇ ಲೋಟ ನಡೆದಿತ್ತು.

“ಅಕ್ಕಾ, ಅದು ಖಾರ ಅಲ್ಲ, ಹೌದು ಅಂತ.”

ಅಕ್ಕ ಸೊಂಟದ ಮೇಲೆ ಕೈಯಿಟ್ಟಳು. “ಹೌದು ಅನ್ನಾಕೆ ಒಳಕ್ಕೆ ಎಳ್ಕಂತಾನೆ. ಬ್ಯಾಡ ಅನ್ನಾಕೆ ಏನು, ಉಗಿತಾನಾ?”

ಉಳುಕು

ಮೇಡಂ ಕಾಲು ಉಳುಕಿಸಿಕೊಂಡರು. ಚಿತ್ರದುರ್ಗದ ಡಾಕ್ಟರು ಪಾದ ಒತ್ತಿ ಇಂಗ್ಲಿಷಿನಲ್ಲಿ ಕೇಳಿದರು, “ಇಲ್ಲಿ ನೋವಾ?” “ಹ್ಹಾ!” “ಬಿದ್ದಿರಾ?” “ಹ್ಹಾ!” “ಉಸಿರಾಟ ಸರಿಯಿದೆಯಾ?” “ಹ್ಹಾ!”

ನಾನು ಹೊರಗೆ ಹೋಗಿ ಔಷಧಿ ತಂದು ನೋಡುತ್ತೇನೆ, ಕಾಲಿಗೆ ಪಟ್ಟಿ ಕಟ್ಟಿಸಿಕೊಳ್ಳಲು ಬಂದಾಕೆಯ ಮೂಗಿಗೆ ಆವಿ ಹಿಡಿದಿದ್ದರು!

ಕುರಿ

ಮತ್ತೋಡಿನ ಕಡೆಯ ಒಂದು ಹಳ್ಳಿಯಲ್ಲಿ ಸಭೆ. ಗಾಳಿಯಂತ್ರದ ಕಂಬ ನಿಂತರೆ ಗುಡ್ಡಕ್ಕೆ ಬೇಲಿ ಬೀಳುತ್ತದೆಂದು ಕುರಿಗಾಹಿಗಳಿಗೆಲ್ಲ ಆತಂಕ. ಅವರ ಹಿರಿಯಜ್ಜ ಎದ್ದು ನಿಂತ.

“ಕಂಬದ ಬುಡದಾಗೆ ನಮ್ ಕುರಿ ಮೇಯ್ಬೋದಾ? ಒಂದೇ ಮಾತು ಹೇಳ್ರಿ.”

ನಾನು ಅನುವಾದಿಸಿದೆ. ಸಾಹೇಬರು ಖುಷಿಯಿಂದ, “ಹ್ಹಾ!”

“ನೋಡ್ರಲೇ, ಕೇಳಿದ್ದಕ್ಕೇ ಬೆಚ್ಚಿಬಿದ್ದ!” ಅಂದ ಹಿಂದಿನವನೊಬ್ಬ.

ಅಜ್ಜ ಮೇಡಂ ಕಡೆ ತಿರುಗಿದ. ಆಕೆಯೂ, “ಹ್ಹಾ!”

“ಕರೆಂಟ್ ಹೊಡಿತೈತೆ ಕಣ್ರೋ! ಎದ್ದೇಳ್ರಿ, ಹೋಗಾಣ!” ಹಿಂದಿನವನು ಅಂದಿದ್ದೇ ತಡ, ಸಭೆಯೆಲ್ಲ ಎದ್ದೇಬಿಟ್ಟಿತು. ಬೆಂಚು ಹತ್ತಿ ಕೂಗಿದೆ: “ಕುಂತ್ಕಳ್ರಿ! ಅವರು ಹೌದು ಅಂದ್ರು! ಅವರ ಕಡೆ ಹೌದನ್ನ ಹಿಂಗೇ ಒಳಕ್ಕೆ ನುಂಗ್ತಾರೆ! ಕುರಿ ಮೇಯ್ಬೋದು!”

ಗದ್ದಲ ಅಡಗಿತು. ಅಜ್ಜ ಇಬ್ಬರ ಬಾಯನ್ನೂ ದಿಟ್ಟಿಸಿ ನೋಡಿದ. ಆಮೇಲೆ ಹೆಗಲ ಕಂಬಳಿ ಸರಿಮಾಡಿಕೊಂಡು ಕೂತ.

“ಹಂಗಾರೆ ಈಗ್ಲೇ ಬರೆದು ಕೊಡಾಕೆ ಹೇಳಪ್ಪ. ನುಂಗಿದ ಮಾತು, ನಾಳೆ ಹೊತ್ತಿಗೆ ಅರಗಿಹೋದ್ರೆ?”