ಮಾಳಿಗೆಯ ಮೇಲಿನ ಒಣ ಹವೆ

ಮಳೆ, ಗಾಳಿ, ಬಿಸಿಲುಗಳ ವಿಷಯದಲ್ಲಿ ಬನಹಟ್ಟಿಯಲ್ಲಿ ಕೊನೆಯ ಮಾತು ತನ್ನದೇ ಎಂದು ಪರಮಾನಂದ ತೀರ್ಮಾನಿಸಿ ಬಹಳ ದಿನಗಳಾಗಿದ್ದವು. ಕಸುಬಿನಲ್ಲಿ ಆತ ಕೈಮಗ್ಗದ ನೇಕಾರ. ಆದರೆ ಸಂಜೆಯ ರೇಡಿಯೊ ವಾರ್ತೆಯ ಕೊನೆಗೆ ಹವಾಮಾನ ಬಂತೆಂದರೆ ಸಾಕು, ಲಾಳಿ ಕೆಳಗಿಟ್ಟು ಮುಗಿಲಿನ ಮಾಲೀಕನ ಹಾಗೆ ಕಿವಿ ನಿಮಿರಿಸಿ ಕೂರುತ್ತಿದ್ದ!

ಅದು ತೊಂಬತ್ತೊಂಬತ್ತರ ಮೇ ತಿಂಗಳು. ಬಿಸಿಲು ಹೇಗಿತ್ತೆಂದರೆ ಕೊಡದ ನೀರಿನಲ್ಲೇ ಚಹಾ ಪುಡಿ ಹಾಕಿ ಸೋಸಬಹುದಿತ್ತು. ರೇಡಿಯೊ, “ಉತ್ತರ ಒಳನಾಡಿನಲ್ಲಿ ಒಣ ಹವೆ ಮುಂದುವರಿಯಲಿದೆ...” ಎಂದಿತು. ಪರಮಾನಂದ ಟಕ್ಕನೆ ಅದರ ಕಿವಿ ಹಿಂಡಿ ಬಂದ್ ಮಾಡಿದ.

“ಕೇಳಿದಿ? ಒಣ ಹವಾ ಅಂತ! ನಾಳೆ ನೂಲಿಗೆ ಗಂಜಿ ಹಾಕಿ ಮಾಳಗಿ ಮ್ಯಾಲೆ ಒಣಾ ಹಾಕತೇನಿ. ನಿನ್ನ ಶಾವಿಗೀನೂ ಅಲ್ಲೇ ಹಾಕು!”

“ಅಂವ ಇನ್ನೂ ಏನೋ ಹೇಳಾಕತ್ತಿದ್ನಲ್ರೀ,” ಎಂದಳು ಹೆಂಡತಿ ಸುಂದರವ್ವ.

“ರೇಡಿಯೊ ಸೆಲ್ ಏನ ಪುಕ್ಕಟೆ ಬರ್ತಾವೇನು? ನಮಗ ಬೇಕಾದ್ದು ಹೇಳಿದ, ಸಾಕು.”

“ಇರುವಿ ತತ್ತಿ ಹೊತ್ಕೊಂಡು ಗ್ವಾಡಿ ಏರಾಕತ್ತಾವ್ರಿ. ನನಗ್ಯಾಕೋ ಧೈರ್ಯ ಇಲ್ಲ.”

“ಇರುವಿ ಯಾವ ಸಾಲಿ ಕಲತೈತಿ? ನಾ ಹೇಳಾಕತ್ತೇನಿ, ಒಂದ ಹನಿ ಬೀಳಾಂಗಿಲ್ಲ!”

ಸುಂದರವ್ವನ ಅಂಜಿಕೆಗೆ ಕಾರಣವಿತ್ತು. ಅಧಿಕ ಮಾಸ ನಡೆದಿತ್ತು. ಮುಧೋಳದ ಅಳಿಯ ಮದುವೆಯಾದ ಮೇಲೆ ಮೊದಲ ಸಲ ಅಧಿಕ ಮಾಸದ ಊಟಕ್ಕೆ ನಾಡಿದ್ದು ಬರುವವನಿದ್ದ. ಆತನಿಗೆಂದೇ ಓಣಿಯ ಹೆಂಗಸರನ್ನೆಲ್ಲ ಕೂಡಿಸಿಕೊಂಡು, ರಟ್ಟೆ ಬೀಳುವಂತೆ ಹಿಟ್ಟು ನಾದಿ, ಕೂದಲೆಳೆಯಂಥ ಶಾವಿಗೆ ಮಾಡಿದ್ದಳು. ಅಳಿಯನ ತಾಟಿನಲ್ಲಿ ಬಸಿದ ಶಾವಿಗೆ ಬೀಳದಿದ್ದರೆ ಬೀಗರ ಮನೆಯಲ್ಲಿ ಅವಳ ಮಾನ ಏನಾಗಬೇಕು!

ಮರುದಿನ ಮಾಳಿಗೆಯ ಪೂರ್ವಕ್ಕೆ ಪರಮಾನಂದನ ನೂಲು, ಪಶ್ಚಿಮಕ್ಕೆ ಸುಂದರವ್ವನ ಶಾವಿಗೆ, ಎರಡೂ ಬಿದಿರಿನ ಗಳಗಳ ಮೇಲೆ ಜೋತುಬಿದ್ದವು. ಎರಡೂ ಬೆಳ್ಳಗೆ, ಎರಡೂ ಸಣ್ಣಗೆ. ದೂರದಿಂದ ನೋಡಿದವರಿಗೆ ಯಾವುದನ್ನು ಉಡಬೇಕು, ಯಾವುದನ್ನು ಉಣ್ಣಬೇಕು ಎಂದು ತಿಳಿಯುತ್ತಿರಲಿಲ್ಲ. ಪರಮಾನಂದನಿಗೆ ಆ ಚಿಂತೆ ಇರಲಿಲ್ಲ. “ನೇಕಾರನ ಬೆರಳಿಗೆ ಕಣ್ಣದಾವು! ಕತ್ತಲಾಗ ಮುಟ್ಟಿ ನೂಲಿನ ನಂಬರ್ ಹೇಳತೇನಿ,” ಎಂದು ಬೀಗಿ, ಉಂಡು, ಮಗ್ಗದ ಪಕ್ಕದಲ್ಲೇ ಗೊರಕೆಗೆ ಬಿದ್ದ.

ನಾಲ್ಕು ಗಂಟೆಗೆ ಗುಡುಗು ಎಬ್ಬಿಸಿತು. ಹೊರಗೆ ಬಂದು ನೋಡಿದರೆ ಜಮಖಂಡಿಯ ಕಡೆಯಿಂದ ಕೆಂಧೂಳು ಎದ್ದು ಹಗಲನ್ನೇ ನುಂಗಿಕೊಂಡು ಬರುತ್ತಿತ್ತು. ಕರೆಂಟು ಮೊದಲ ಗುಡುಗಿಗೇ ಕೈಮುಗಿದು ಹೋಗಿತ್ತು.

“ಮದ್ಲ ಶಾವಿಗಿ ತರ್ರೀ!” ಸುಂದರವ್ವ ನಿಚ್ಚಣಿಕೆಯ ಬುಡದಲ್ಲಿ ನಿಂತು ಕೂಗಿದಳು.

“ಶಾವಿಗೀನ ತರತೇನಿ!” ಎನ್ನುತ್ತಲೇ ಪರಮಾನಂದ ನಿಚ್ಚಣಿಕೆ ಏರಿದ. ಸುಳ್ಳು! ಶುದ್ಧ ಸುಳ್ಳು! ಆತನ ಜೀವವೆಲ್ಲ ನೂಲಿನಲ್ಲಿತ್ತು. ಶಾವಿಗೆ ಹೋದರೆ ಅಳಿಯ ಅನ್ನ ಉಂಡಾನು, ನೂಲು ಹೋದರೆ ಮಗ್ಗ ಏನು ಉಣ್ಣಬೇಕು? ಮಾಳಿಗೆಗೆ ಕಾಲಿಟ್ಟ ಕೂಡಲೇ ಕಣ್ಣಿಗೆ ಹಿಡಿ ಧೂಳು ಹೊಕ್ಕಿತು. ಕಣ್ಣು ಮುಚ್ಚಿಯೇ ಪೂರ್ವಕ್ಕೆ ತಡವರಿಸಿ ಎಳೆಗಳ ಮೇಲೆ ಕೈಯಾಡಿಸಿದ. ಗರಿಗರಿ! ಸಂತೋಷ ತಡೆಯಲಿಲ್ಲ. “ಆಹಾ! ಗಂಜಿ ಛಲೋ ಹಿಡದೈತಿ! ನನ್ನ ನೂಲು ಉಳೀತು!” ಎಂದು ಆ ಗಾಳಿಯಲ್ಲಿ ಒದರಿ, ಗಳಗಳನ್ನು ಒಂದೊಂದಾಗಿ ಕೆಳಗಿಳಿಸಿದ. ಕೊನೆಯ ಗಳ ಇಳಿಯುವುದಕ್ಕೂ ಮುಗಿಲು ಹರಿದು ಬೀಳುವುದಕ್ಕೂ ಸರಿಹೋಯಿತು. ಶಾವಿಗೆಗೆ ಮನಸ್ಸಿನಲ್ಲೇ ಎಳ್ಳುನೀರು ಬಿಟ್ಟು, ಹೆಂಡತಿಗೆ ಏನು ಹೇಳಲಿ ಎಂದು ಯೋಚಿಸುತ್ತ ಇಳಿದ.

ಸುಂದರವ್ವ ಚಿಮಣಿ ದೀಪ ಹಚ್ಚಿದಳು. ಪರಮಾನಂದ ಕಣ್ಣು ಒರೆಸಿಕೊಂಡು ನೋಡಿದ. ಗಳದ ಮೇಲೆ ಶಾವಿಗೆ! ಎಲ್ಲ ಗಳದ ಮೇಲೂ ಶಾವಿಗೆ!

“ಮಧ್ಯಾನ್ನ ಪಶ್ಚಿಮಕ್ಕ ಬೇವಿನ ನೆರಳು ಬಂತು. ನೀವು ಮಲಗಿದಾಗ ಎರಡೂ ಅದಲ ಬದಲ ಮಾಡಿದ್ದೆ,” ಎಂದಳು ಸುಂದರವ್ವ. “ಆದ್ರೂ ಹುಡುಕಿ ತಂದ್ರಲ್ರೀ! ನಿಮ್ಮ ನೂಲು ಬಿಟ್ಟು, ನನ್ನ ಶಾವಿಗಿ!” ಹೀಗೆಂದವಳೇ ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದಳು. ಅವಳ ಹೆಗಲು ಕುಲುಕುತ್ತಿತ್ತು. ಪಾಪ, ಅಳುತ್ತಿದ್ದಾಳೆ ಎಂದುಕೊಂಡ ಪರಮಾನಂದ. ಆತನಿಗೂ ಅಳು ಬಂದಿತ್ತು, ಕಾರಣ ಮಾತ್ರ ಬೇರೆ.

ಅಷ್ಟರಲ್ಲಿ ಎದುರುಮನೆಯ ಗಿರಮಲ್ಲಪ್ಪ ಕೂಗಿದ. “ಪರಮಾನಂದಣ್ಣಾ! ನಿಮ್ಮ ಮಾಳಗಿ ಮ್ಯಾಲಿಂದ ಹಾಲು ಸುರ್ಯಾಕತ್ತೈತಲ್ಲೋ!”

ಹಾಲಲ್ಲ, ನೂಲಿನ ಗಂಜಿ! ಒಂದು ಮುಂಜಾನೆಯ ದುಡಿಮೆ ಮಾಳಿಗೆಯ ನೀರು ಹೋಗುವ ದೋಣಿಯಿಂದ ಧೋ ಎಂದು ಓಣಿಗೆ ಇಳಿಯುತ್ತಿತ್ತು.

“ಮಳಿ ಬರತೈತಿ ಅಂತ ಗೊತ್ತಿದ್ದೂ ಹಾಕಿದ್ದೇನು?” ಗಿರಮಲ್ಲಪ್ಪ ಬಿಡಲಿಲ್ಲ. “ನಿನ್ನಿ ರೇಡಿಯೊದಾಗ ಹೇಳಿದ್ರಲ್ಲ, ಒಣ ಹವಾ, ಆದ್ರ ಒಂದೆರಡು ಕಡೆ ಗುಡುಗು ಮಳಿ ಅಂತ!”

“ಆ ಎರಡರಾಗ ಒಂದು ನಮ್ಮ ಮಾಳಗಿ ಇತ್ತಣ್ಣ,” ಎಂದಳು ಸುಂದರವ್ವ.

ಮರುದಿನ ಅಳಿಯ ಬಂದ. ಹಾಲು, ತುಪ್ಪ, ಸಕ್ಕರೆಯ ನಡುವೆ ಶಾವಿಗೆ ವಿರಾಜಮಾನವಾಯಿತು. ಹೇಗೂ ನೂಲು ಹೋಗಿದೆ, ಹೆಸರಾದರೂ ಬರಲಿ ಎಂದು ಪರಮಾನಂದ ಗಂಟಲು ಸರಿಮಾಡಿಕೊಂಡ.

“ಏನ ಹೇಳ್ಲಿ ಅಳಿಯಂದ್ರ, ಕಣ್ಣ ಕಾಣವಲ್ದು, ಸಿಡಿಲು ತಲಿ ಮ್ಯಾಲೆ! ಆದ್ರ ನಾ ಅಂದೆ, ನೂಲು ಹ್ವಾದ್ರ ಹೋಗ್ಲಿ, ಅಳಿಯಂದ್ರ ಶಾವಿಗಿ ಉಳೀಬೇಕು!”

ಅಳಿಯನ ತುತ್ತು ಭಕ್ತಿಯಿಂದ ಬಾಯಿಯ ಹತ್ತಿರವೇ ನಿಂತಿತು. ಸುಂದರವ್ವ ಬೋಗುಣಿ ಹಿಡಿದು ಬಂದು ಗಂಡನ ತಾಟಿಗೆ ಇನ್ನೊಂದು ಹಿಡಿ ಸುರಿದಳು.

“ಉಣ್ರಿ, ನಾಚಬ್ಯಾಡ್ರಿ,” ಎಂದಳು. “ಗಂಜಿ ಛಲೋ ಹಿಡದೈತಿ.”