ಅಕ್ಕನ ಬೊಟ್ಟು, ತಮ್ಮನ ಶಾಫ್ಟು

ನಮ್ಮ ಸೋದರಮಾವನಿಗೆ ಮನುಷ್ಯರ ಮುಖದ ಗುರುತೇ ಸಿಗುವುದಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ಕಣ್ಣು ಚೆನ್ನಾಗಿಯೇ ಇದೆ! ಹಿಂದೂಪುರದಲ್ಲಿ ಮೂವತ್ತು ವರ್ಷದಿಂದ ಗ್ಯಾರೇಜು ಇಟ್ಟುಕೊಂಡಿರುವ ಈ ಮಹಾನುಭಾವ, ಬಂದವರು ಯಾರೇ ಆಗಲಿ, ಮೊದಲು ಬಗ್ಗಿ ಅವರ ಗಾಡಿಯ ಹೊಟ್ಟೆ ನೋಡುತ್ತಾನೆ. ಮುಖದ ಸರದಿ ಬರುವಷ್ಟರಲ್ಲಿ ಅವರು ಹೊರಟೇ ಹೋಗಿರುತ್ತಾರೆ. ನನ್ನ ಮದುವೆಯ ಆಲ್ಬಮ್ಮಿನಲ್ಲಿ ಮಾವನ ಮುಖವಿರುವ ಒಂದು ಫೋಟೋನೂ ಇಲ್ಲ. ಬೀಗರ ಕಾರಿನ ಅಡಿಯಿಂದ ಹೊರಚಾಚಿದ ಎರಡು ಪಾದಗಳಿವೆ. ನನ್ನ ಹೆಂಡತಿ ಮೊದಲ ಸಲ ನಮಸ್ಕಾರ ಮಾಡಿದ್ದೂ ಆ ಪಾದಗಳಿಗೇ!

ನಾವಿರುವುದು ಕಲ್ಯಾಣದುರ್ಗದಾಚೆ, ಬೆಳುಗುಪ್ಪದ ಕಡೆಯ ತೋಟದಲ್ಲಿ. ತೋಟದ ದಾರಿಯ ಬಂಡೆಗಳು ನಮ್ಮ ಪಿಕಪ್ಪಿನ ಹೊಟ್ಟೆಗೆ ಸದಾ ಗುದ್ದುತ್ತಿದ್ದವು. ಗಾಡಿಯನ್ನು ನಾಲ್ಕು ಇಂಚು ಎತ್ತರಿಸೋಣವೆಂದು ಮಾವನಿಗೆ ಫೋನು ಮಾಡಿದೆ.

"ಎತ್ತರ ಮಾಡೋದೇನು ದೊಡ್ಡದಲ್ಲ ಕಣ್ಲಾ. ಗೇರ್‌ಬಾಕ್ಸಿಂದ ಹಿಂದಿನ ಗಾಲಿಗೆ ಹೋಯ್ತದಲ್ಲ ಶಾಫ್ಟು, ಅದರ ಗತಿ ಏನು? ಗಾಡಿ ಎದ್ದು ನಿಂತ್ರೆ ಅದು ಜಾಸ್ತಿ ವಾರೆ ಆಯ್ತದೆ..."

ಹೀಗೆ ಶುರುವಾದದ್ದು ಒಂದು ಗಂಟೆ ಸಾಗಿತು. ನಾನು ನಡುವೆ ಊಟ ಮುಗಿಸಿ ಬಂದೆ, ಮಾವ ಇನ್ನೂ ಶಾಫ್ಟಿನಲ್ಲೇ ಇದ್ದ! ಈ ಉಪನ್ಯಾಸದ ಸಹವಾಸವೇ ಬೇಡವೆಂದು, ಮಾವನಿಗೆ ತಿಳಿಸದೆ, ನಮ್ಮ ಕಡೆಯ ಒಬ್ಬ ಮೆಕ್ಯಾನಿಕ್ಕನ ಹತ್ತಿರ ಅರ್ಧ ದಿನದಲ್ಲಿ ಕೆಲಸ ಮುಗಿಸಿಬಿಟ್ಟೆ. ಬುದ್ಧಿವಂತ ನಾನು.

ಅಮ್ಮನಿಗೆ ಬೆನ್ನಿನ ಆಪರೇಷನ್ ಆಗಿ ಎರಡು ವರ್ಷವಾಗಿತ್ತು. ಅಷ್ಟು ದಿನವೂ ತವರಿನದೇ ಜಪ. ತನ್ನ ಅಪ್ಪ ಅಮ್ಮ ಹೋದ ಮೇಲೆ ತವರೆಂದರೆ ಆಕೆಗೆ ಈ ಒಬ್ಬ ತಮ್ಮನೇ. ಎತ್ತರವಾದ ಗಾಡಿ ಬಂಡೆಗೆ ತಗುಲುವುದಿಲ್ಲವಲ್ಲ ಎಂಬ ಧೈರ್ಯದಿಂದ ಆಕೆಯನ್ನು ಕೂರಿಸಿಕೊಂಡು ಹಿಂದೂಪುರಕ್ಕೆ ಹೊರಟೆ. ಬಂಡೆಯೇನೋ ತಗುಲಲಿಲ್ಲ. ಆದರೆ ಟಾರು ರಸ್ತೆಗೆ ಬಂದು ವೇಗ ಹಿಡಿದೊಡನೆ ಗಾಡಿ ಚಳಿಜ್ವರ ಬಂದ ಹಾಗೆ ನಡುಗತೊಡಗಿತು. ನಿಧಾನ ಮಾಡಿದರೂ ಗುಂಯ್‌ಗುಟ್ಟುವುದು ನಿಲ್ಲಲಿಲ್ಲ. ಸೋಮಂದೇಪಲ್ಲಿ ದಾಟುವಷ್ಟರಲ್ಲಿ ಅಮ್ಮ ಸೊಂಟ ಹಿಡಿದುಕೊಂಡು ಅಳುತ್ತಿದ್ದಳು.

"ಇದೇ ಕೊನೆ ಕಣಪ್ಪ. ಇನ್ನು ನಾನು ತವರಿಗೆ ಬರಾಕಿಲ್ಲ."

ಗ್ಯಾರೇಜಿನ ಮುಂದೆ ಗಾಡಿ ನಿಂತಿತು. ಎರಡು ವರ್ಷದ ಮೇಲೆ ಬಂದ ಅಕ್ಕನನ್ನು ತಮ್ಮ ಹೇಗೆ ಬರಮಾಡಿಕೊಂಡ ಅಂತೀರಿ? ನೇರವಾಗಿ ಗಾಡಿಯ ಕೆಳಗೆ ತೂರಿದ!

"ನೋಡ್ದಾ ಇವನ್ನ? ಗಾಡಿ ಕ್ಷೇಮ ಕೇಳ್ತವ್ನೆ!" ಎಂದು ಅಮ್ಮ ಮತ್ತಷ್ಟು ಅತ್ತಳು.

ಕೆಳಗಿನಿಂದ ಉತ್ತರ ಬಂತು: "ಯಾವನ್ಲಾ ಇದನ್ನ ಎತ್ತಿದೋನು? ಶಾಫ್ಟು ಇನ್ನೊಂದಿಷ್ಟು ಜಗ್ಗಿದ್ರೆ ಕಳಚಿ ರೋಡಿಗೆ ಬೀಳ್ತಿತ್ತು. ಒಳಗೆ ನಮ್ಮಕ್ಕ ಕೂತಿದ್ಲಲ್ಲೋ!"

ನಾನು ಮೆಲ್ಲಗೆ ಅಮ್ಮನನ್ನು ಇಳಿಸಿಕೊಂಡೆ.

ಅಂದೇ ಕೆಲಸ ಶುರುವಾಯಿತು. ಮೊದಲು ನಾಲ್ಕು ಇಂಚು ಎರಡಕ್ಕೆ ಇಳಿಯಿತು. "ಬಂಡೆ ದಾಟಕ್ಕೆ ಎರಡು ಸಾಕು. ನೀನೇನು ಗಾಡಿ ಮೇಲೆ ನಿಂತು ನಕ್ಷತ್ರ ಕೀಳ್ಬೇಕಾ?" ಆಮೇಲೆ ಕೋನ ಅಳೆಯುವ ಕೆಲಸ. ಗೇರ್‌ಬಾಕ್ಸಿನ ಮೂತಿ ಎಷ್ಟು ಬಗ್ಗಿದೆಯೋ ಹಿಂದಿನ ಆಕ್ಸಲಿನ ಮೂತಿಯೂ ಅದಕ್ಕೆ ಸರಿಯಾಗಿ ಇರಬೇಕಂತೆ, ಇಲ್ಲದಿದ್ದರೆ ಶಾಫ್ಟು ನಡುಗುತ್ತದಂತೆ. ಅಳೆಯುವ ಸಾಧನ ಮಾವನ ಮಗಳ ಜಾಮಿಟ್ರಿ ಬಾಕ್ಸಿನ ಕೋನಮಾಪಕ. ಪಾಪ, ಆ ಹುಡುಗಿ ಹತ್ತನೇ ತರಗತಿಯ ಗಣಿತವನ್ನು ಬರೀ ಅಂದಾಜಿನಲ್ಲಿ ಪಾಸು ಮಾಡಿದಳು! ಸ್ಪ್ರಿಂಗ್ ಪಟ್ಟಿಯ ಕೆಳಗೆ ಕಬ್ಬಿಣದ ಬೆಣೆ ಕೂರಿಸಿ, ಕೋನ ಸರಿಪಡಿಸಿದ್ದಾಯಿತು.

ಶಾಫ್ಟು ಬಿಚ್ಚುವಾಗ ಮಾವನದೊಂದು ಪದ್ಧತಿಯಿದೆ. ಅದರ ತುದಿಯಲ್ಲಿ ನಾಲ್ಕು ಬೋಲ್ಟಿನ ತಟ್ಟೆ. ಆಕ್ಸಲಿನ ಕಡೆಯೂ ಅಂಥದೇ ತಟ್ಟೆ. ಬಿಚ್ಚಿದ ದಿಕ್ಕಿಗೇ ಮತ್ತೆ ಜೋಡಿಸಬೇಕೆಂದು ಎರಡಕ್ಕೂ ಎದುರುಬದುರಾಗಿ ಒಂದೊಂದು ಗುರುತು. ಸೀಮೆಸುಣ್ಣ ಗ್ರೀಸಿನ ಮೇಲೆ ನಿಲ್ಲದು. ಆದ್ದರಿಂದ ಆಂಜನೇಯನ ಗುಡಿಯಿಂದ ತಂದ ಎಣ್ಣೆ ಸಿಂಧೂರ! ಬೊಟ್ಟಿಟ್ಟು, ಶಾಫ್ಟನ್ನು ಬೆಂಚಿನ ಮೇಲೆ ಮಲಗಿಸಿ, ಮಾವ ಊಟಕ್ಕೆ ಹೋದ.

ಅಂದು ಶುಕ್ರವಾರ. ಮೆಲ್ಲಗೆ ಎದ್ದು ಬಂದ ಅಮ್ಮನ ಕಣ್ಣಿಗೆ ಆ ಒಂಟಿ ಬೊಟ್ಟು ಬಿತ್ತು. ತಮ್ಮನಿಗೆ ಪೂಜೆಯನ್ನೂ ನೆಟ್ಟಗೆ ಮಾಡಲು ಬಾರದೆಂದುಕೊಂಡು, ಅದೇ ಡಬ್ಬಿಯಿಂದ ಉಳಿದ ಮೂರು ಬೋಲ್ಟಿನ ತೂತುಗಳ ಪಕ್ಕದಲ್ಲೂ ಅಚ್ಚುಕಟ್ಟಾಗಿ ಬೊಟ್ಟಿಟ್ಟು, ನಿಂಬೆಹಣ್ಣು ಕೇಳಿದಳು. ನಿಜವಾದ ಗುರುತು ಯಾವುದೆಂದು ಇನ್ನು ಆಂಜನೇಯನೇ ಹೇಳಬೇಕು!

ಮಾವ ಕೈ ತೊಳೆದು ಬಂದು ನೋಡಿದ. ಗುರುತು ಅಳಿಸಿದ ಕೆಲಸಗಾರರನ್ನು ಮಾವ ರೊದ್ದಂವರೆಗೆ ಕೇಳಿಸುವಂತೆ ಬೈದದ್ದುಂಟು.

"ಅಂದವಾಗಿ ಇಟ್ಟಿದ್ದೀಯ ಅಕ್ಕ," ಎಂದ, ಅಷ್ಟೇ.

ನಾಲ್ಕು ಬೊಟ್ಟು ಎಂದರೆ ನಾಲ್ಕು ದಿಕ್ಕು. ಒಂದೊಂದು ದಿಕ್ಕಿಗೆ ಜೋಡಿಸಿ, ಡ್ಯಾಶ್‌ಬೋರ್ಡಿನ ಮೇಲೆ ಲೋಟದಲ್ಲಿ ನೀರಿಟ್ಟು ಸೋಮಂದೇಪಲ್ಲಿವರೆಗೆ ಓಡಿಸಿ ಬಂದೆವು. ಮೊದಲ ಸಲ ನೀರು ನಡುಗಿತು. ಮತ್ತೆ ಬಿಚ್ಚಿ, ಮತ್ತೆ ಜೋಡಿಸಿದ್ದಾಯಿತು. ಎರಡನೆಯ ಸಲವೂ ಸಣ್ಣಗೆ ಕಂಪಿಸಿತು. "ಇಷ್ಟು ಸಾಕಲ್ಲ ಮಾವ?" ಎಂದೆ. "ನಿನಗೆ ಸಾಕು. ಆ ಬೆನ್ನಿಗೆ ಸಾಲ್ದು," ಎಂದ. ಮೂರನೆಯ ಸಲ ನೀರು ಸುಮ್ಮನೆ ಕೂತಿತು.

ಮರುದಿನ ಅಮ್ಮನನ್ನು ಬಿಡಲು ಮಾವನೂ ನಮ್ಮ ಜೊತೆ ಹೊರಟ. ಹೊರಡುವಾಗ ನೋಡಿದರೆ ಲೋಟವೇ ಇಲ್ಲ.

"ನೀರು ಇಡಲ್ವಾ ಮಾವ?"

"ಬೇಡ ಬುಡ್ಲಾ. ಅಕ್ಕ ಕೂತವ್ಳಲ್ಲ."

ದಾರಿಯುದ್ದಕ್ಕೂ ಆತ ಪಕ್ಕಕ್ಕೆ ತಿರುಗಿ ಕೂತು ಅಮ್ಮನ ಮುಖವನ್ನೇ ನೋಡುತ್ತಿದ್ದ. ಒಂದು ಮುಖವನ್ನು ಮಾವ ಅಷ್ಟು ಹೊತ್ತು ನೋಡಿದ್ದನ್ನು ನಾನು ಕಂಡದ್ದು ಅದೇ ಮೊದಲು. ಅಮ್ಮ ಹುಬ್ಬು ಗಂಟಿಕ್ಕಿದರೆ ನನ್ನ ಭುಜ ತಟ್ಟುವನು, ನಾನು ನಿಧಾನ ಮಾಡುವೆನು. ಕಲ್ಯಾಣದುರ್ಗ ಬರುವ ಮೊದಲೇ ಅಮ್ಮ ತಮ್ಮನ ಹೆಗಲಿಗೊರಗಿ ನಿದ್ದೆಹೋದಳು. ಎಚ್ಚರವಾದದ್ದು ತೋಟದ ಮನೆಯ ಮುಂದೆ.

"ಆಗ್ಲೇ ಬಂದ್ಬುಟ್ವಾ? ನೋವೇ ಆಗ್ಲಿಲ್ವಲ್ಲೋ! ದೀಪಾವಳಿಗೆ ಮತ್ತೆ ಬತ್ತೀನಿ ಕಣಪ್ಪ, ತವರಿಗೆ."

ಮಾವ ಇಳಿದವನೇ ಗಾಡಿಯ ಕೆಳಗೆ ತೂರಿದ. ಎಂದಿನಂತೆ ಎರಡು ಪಾದಗಳಷ್ಟೇ ಹೊರಗೆ. "ಮತ್ತೆ ಶುರುವಾಯ್ತು ಇವನ್ದು," ಎಂದು ಅಮ್ಮ ನಕ್ಕಳು. ಏನು ಕೆಟ್ಟಿದೆಯೋ ಎಂದು ನಾನು ಬಗ್ಗಿ ನೋಡಿದೆ. ಮಾವ ಶಾಫ್ಟು ಮುಟ್ಟಿರಲಿಲ್ಲ. ಗ್ರೀಸಿನ ಬಟ್ಟೆಯನ್ನು ಎರಡೂ ಕೈಯಲ್ಲಿ ಕಣ್ಣಿಗೊತ್ತಿಕೊಂಡು, ಸದ್ದಿಲ್ಲದೆ ಅಳುತ್ತಿದ್ದ.

ನಾನು ಎದ್ದು ನಿಂತು ಅಮ್ಮನಿಗೆ ಹೇಳಿದೆ: "ಶಾಫ್ಟು ಸರಿಯಾಗಿದೆಯಂತೆ."