ಅಟ್ಟದ ಮೇಲಿನ ಮೀಸಲು ದಾಸ್ತಾನು

ಇನ್ನು ಮುಂದೆ ತನ್ನ ಉಗ್ರಾಣದಲ್ಲಿ ಒಂದೇ ಒಂದು ಹೆಚ್ಚುವರಿ ಶವಪೆಟ್ಟಿಗೆಯೂ ನಿಲ್ಲುವುದಿಲ್ಲವೆಂದು ಗಾವ್ರಿಲ್ ಬೆಳಗಿನ ತಿಂಡಿಯ ಹೊತ್ತಿಗೆ ಘೋಷಿಸಿದ. ರುಮೇನಿಯಾದ ಮಾರಮುರೆಶ್ ಸೀಮೆಯ ಆ ಪುಟ್ಟ ಊರಿಗೆ ಕೊನೆಯ ಹಾಸಿಗೆ ಒದಗಿಸುವ ಅಂಗಡಿಗೆ ಅವನೇ ಉಗ್ರಾಣಾಧಿಪತಿ.

"ಸತ್ತ ದಾಸ್ತಾನು ಅಂದ್ರೆ ಇದೇ ನೋಡು ವೊಯಿಕಾ. ಎಂಟು ಪೆಟ್ಟಿಗೆ, ವರ್ಷವಿಡೀ ಧೂಳು ತಿಂತಾ ನಿಂತಿದ್ವು. ಎಲ್ಲಾನೂ ಬಡಗಿಗಳಿಗೆ ವಾಪಸ್ ಕಳಿಸಿಬಿಟ್ಟೆ."

"ಜನ ಸತ್ರೆ?" ಹೆಂಡತಿ ಕೇಳಿದಳು.

"ವಾರಕ್ಕೆ ಮೂರು ಜನ ಸಾಯ್ತಾರೆ. ವಾರಕ್ಕೆ ಮೂರು ತರಿಸ್ತೀನಿ. ಐದು ವರ್ಷದ ಸರಾಸರಿ ಕಣೇ ಇದು."

"ಸಾಯೋರಿಗೆ ಈ ಸರಾಸರಿ ತಿಳಿಸಿದೀಯಾ?"

ಗಾವ್ರಿಲ್ ನಕ್ಕ. ಆ ಊರಲ್ಲಿ ಎಪ್ಪತ್ತು ದಾಟಿದವರೆಲ್ಲ ತಮ್ಮ ಪೆಟ್ಟಿಗೆ ಮಾಡಿಸಿ ಅಟ್ಟಕ್ಕೇರಿಸುವವರೇ. ಖಾಲಿ ಬಿಟ್ಟರೆ ಅಪಶಕುನವೆಂದು ಅಕ್ರೋಟನ್ನೋ ಹುರುಳಿಕಾಯಿ ಬೀಜವನ್ನೋ ತುಂಬಿಡುತ್ತಾರೆ.

"ಹೆಚ್ಚುಕಮ್ಮಿ ಆದ್ರೆ ಊರಿನ ಅಟ್ಟಗಳೇ ನನ್ನ ಮೀಸಲು. ಬಾಡಿಗೆಯಿಲ್ಲದ ಉಗ್ರಾಣ!"

ಈಸ್ಟರ್ ವಾರ ಬಂತು. ಬಡಗಿಗಳು ರಜೆ ಹಾಕಿ ಹೋದರು. ಕೆಮ್ಮಿನಿಂದ ಶುರುವಾಗುವ, ರಜೆಯಿಲ್ಲದ ಜ್ವರ ಊರಿಗೆ ಬಂತು. ಸೋಮವಾರ ಇಬ್ಬರು, ಮಂಗಳವಾರ ಒಬ್ಬರು. ವಾರದ ಪಾಲು ಮುಗಿಯಿತು. ಬುಧವಾರ ಚರ್ಚಿನ ಗಂಟೆ ಬಾರಿಸುವ ಸಿಮಿಯೋನ್ ಸತ್ತ; ಇನ್ನೂ ಐವತ್ತು ದಾಟದ ಅವನ ಅಟ್ಟದಲ್ಲಿ ಪೆಟ್ಟಿಗೆಯಿರಲಿಲ್ಲ. ಅವನ ಜೊತೆಗೆ ಸರಾಸರಿ ಎಂಬ ಮಹಾಶಯನೂ ಸತ್ತ. ಮೂರನೆಯ ದಿನ ಮಣ್ಣು ಮಾಡಲೇಬೇಕು. ಉಗ್ರಾಣದಲ್ಲಿ ಪೊರಕೆ ಬಿಟ್ಟು ಬೇರೇನೂ ಇರಲಿಲ್ಲ.

ಟೋಪಿ ಕೈಯಲ್ಲಿ ಹಿಡಿದು ಗಾವ್ರಿಲ್ ಮನೆಮನೆ ಸುತ್ತಿದ.

"ಒಂದು ವಾರದ ಮಟ್ಟಿಗೆ ಕೊಡಿ ಅಜ್ಜಿ, ಹೊಸದೇ ತಂದಿಡ್ತೀನಿ."

"ಕೊಡ್ತೀನಪ್ಪ. ಆ ವಾರ ನಾನು ಸಾಯಲ್ಲ ಅಂತ ಪಾದ್ರಿಗಳ ಹತ್ರ ಬರೆಸ್ಕೊಂಡು ಬಾ."

ಹನ್ನೊಂದು ಬಾಗಿಲು ಹೀಗೆ ಮುಚ್ಚಿದವು. ಹನ್ನೆರಡನೆಯದು ಅವನ ತಾಯಿ ಪರಾಸ್ಕಳ ಮನೆ. ಅವಳು ಪ್ರಾರ್ಥನೆಗೆ ಹೋಗಿದ್ದಳು. ಅಟ್ಟದ ಮೇಲೆ, ಅಪ್ಪ ಸಾಯುವ ಮುನ್ನ ಅವಳಿಗೆಂದು ಓಕ್ ಮರದಲ್ಲಿ ಕೈಯಾರೆ ಮಾಡಿಟ್ಟ ಪೆಟ್ಟಿಗೆ. ಗಾವ್ರಿಲ್ ಅಕ್ರೋಟುಗಳನ್ನು ನೆಲಕ್ಕೆ ಸುರಿದು, ಪೆಟ್ಟಿಗೆ ಹೊತ್ತು ಕಳ್ಳನಂತೆ ಇಳಿದ.

ಶನಿವಾರ ಪರಾಸ್ಕ ಜ್ವರದಿಂದ ಹಾಸಿಗೆ ಹಿಡಿದಳು.

"ಅಟ್ಟದಲ್ಲಿ ಇಲಿಗಳು ಅಕ್ರೋಟು ಉರುಳಿಸ್ತಿವೆ ಕಣೋ. ಅವಕ್ಕೆ ನನ್ನ ಪೆಟ್ಟಿಗೆ ತೆರೆದುಕೊಟ್ಟೋರು ಯಾರು?"

ಅವನು ಒಪ್ಪಿಕೊಂಡ. ತಾಯಿ ಗೋಡೆಯ ಕಡೆ ಹೊರಳಿದಳು.

"ಸಿಮಿಯೋನ್ ನನಗಿಂತ ಎರಡು ಗೇಣು ಉದ್ದ."

"ಮಂಡಿ ಸ್ವಲ್ಪ ಮಡಚಿದ್ವಿ ಅಮ್ಮ. ಮಂಗಳವಾರ ಹೊಸ ಪೆಟ್ಟಿಗೆಗಳ ಲಾರಿ ಬರತ್ತೆ. ಅಲ್ಲೀವರೆಗೆ ಹೇಗಾದ್ರೂ..."

"ಹೇಗಾದ್ರೂ ಏನು? ನಿನ್ನ ಲಾರಿ ವೇಳೆ ನೋಡ್ಕೊಂಡು ಸಾಯಬೇಕಾ ನಾನು?"

ಆದರೂ ಲಾರಿ ಬರುವವರೆಗೆ ಜೀವ ಹಿಡಿದುಕೊಂಡಳು. ಭಾನುವಾರ ಹಬ್ಬದ ಕೆಂಪು ಮೊಟ್ಟೆ ಮುಟ್ಟಲಿಲ್ಲ, ಸೋಮವಾರ ನೀರೂ ಸೇರಲಿಲ್ಲ. ಕಿವಿ ಮಾತ್ರ ರಸ್ತೆಯ ಕಡೆಗೇ ಇತ್ತು. ಮಂಗಳವಾರ ಮಧ್ಯಾಹ್ನ ಗಾವ್ರಿಲ್ ಹೊಸ ಪೆಟ್ಟಿಗೆಯನ್ನು ಬೆನ್ನ ಮೇಲೆ ಹೊತ್ತು ತಂದು ಮಂಚದ ಪಕ್ಕದಲ್ಲಿಳಿಸಿದ. ಅವಳು ಅಂಚನ್ನು ಬೆರಳಿಂದ ಸವರಿ ನೋಡಿದಳು.

"ಪೈನ್ ಮರ," ಎಂದಳು. "ಇರಲಿ ಬಿಡು. ನಿಮ್ಮಪ್ಪನಿಗೆ ನಾನೇ ಸಮಾಧಾನ ಹೇಳ್ತೀನಿ."

ಐದು ವರ್ಷದ ಲೆಕ್ಕ ಬಲ್ಲ ಗಾವ್ರಿಲ್ ಮಂಡಿಯೂರಿ ಅತ್ತ.

"ಲಾರೀಲಿ ಇನ್ನೊಂದು ಮಿಕ್ಕಿದೆಯೇನೋ?"

"ಇಲ್ಲ ಅಮ್ಮ. ಮೂರೇ ತರಿಸಿದ್ದು. ಎರಡು ಆಗಲೇ ಹೋದ್ವು."

ಪರಾಸ್ಕ ಅವನ ಹಣೆಯ ಮೇಲೆ ಕೈಯಿಟ್ಟಳು.

"ಒಂದು ಹೆಚ್ಚಿಗೆ ತರಿಸಿಡೋ ಮಗಾ. ಬೆಳಿಗ್ಗೆಯಿಂದ ನಿನ್ನ ಕೆಮ್ಮು ಕೇಳಿಸ್ಕೋತಾ ಇದ್ದೀನಿ."